ಚಂದನಾಳ ಅರವತ್ತೊಂದು ಪಂದ್ಯ

ಮುಟ್ಟಳ್ಳಿ, ಭಟ್ಕಳ
14–9–2003

ಮಗಳು ಚಂದನಾಳಿಗೆ ಅಪ್ಪನ ಆಶೀರ್ವಾದಗಳು.

ಈ ಲಕೋಟೆಯನ್ನು ಕುಮಟಾ ಗಾಡಿಯ ಕಂಡಕ್ಟರನ ಕೈಯಲ್ಲಿ ಕೊಟ್ಟಿದ್ದೇನೆ. ಅಂಚೆಗೆ ಹಾಕಿದರೆ ಒಳಗಿನ ಹಾಳೆ ಮುದುಡಿಹೋಗುತ್ತದೆ. ಬಸ್ ನಿಲ್ದಾಣದಲ್ಲಿ ಇಪ್ಪತ್ತೆರಡು ವರ್ಷ ಕಂಟ್ರೋಲರ್ ಆಗಿದ್ದಕ್ಕೆ ಇಷ್ಟಾದರೂ ಉಪಯೋಗ ಇರಲಿ. ನಿನ್ನ ಹಾಸ್ಟೆಲಿನ ಕಾವಲುಗಾರನಿಗೆ ತಲುಪಿಸುತ್ತಾನೆ.

ಕಂಪ್ಯೂಟರ್ ಬಂದು ಭತ್ತದ ಕೋಣೆಯಲ್ಲಿ ಕೂತಿದೆ. ಮುಜಮ್ಮಿಲ್ ತನ್ನ ಕಂಪ್ಯೂಟರ್ ಸೆಂಟರಿಗೆ ಹೊಸದು ತಂದನಲ್ಲ, ಹಳೆಯದು ನಮಗೆ ಬಂತು. ಕಳೆದ ಮಳೆಗಾಲದಿಂದ ದಿನಾ ಡ್ಯೂಟಿ ಮುಗಿಸಿ ಅವನ ಸೆಂಟರಿಗೆ ಹೋಗಿ ಎಕ್ಸೆಲ್ ಕಲಿತೆ. ಅವನ ಶಿಷ್ಯರೆಲ್ಲ ದುಬೈಗೆ ಹೋಗುವ ಹುಡುಗರು, ನಾನೊಬ್ಬ ಐವತ್ತು ದಾಟಿದವ. ನೀನು ಎಂಟನೇ ತರಗತಿಯಲ್ಲಿದ್ದಾಗಿನಿಂದ ಅಂಗಣದ ಬದಿಯಲ್ಲಿ ಕೂತು ನಾನು ಬರೆದ ನೋಟು ಪುಸ್ತಕಗಳಿವೆಯಲ್ಲ, ಅವುಗಳಲ್ಲಿದ್ದ ಐವತ್ತೆಂಟು ಕಬಡ್ಡಿ ಪಂದ್ಯಗಳನ್ನೂ ಒಂದೊಂದು ರೈಡ್ ಬಿಡದೆ ತುಂಬಿಸಿ ಮುಗಿಸಿದ್ದೇನೆ. ನಿನ್ನದಷ್ಟೇ ಅಲ್ಲ, ಎರಡೂ ಕಡೆಯ ಹುಡುಗಿಯರದ್ದು.

ಈಗ ಪರದೆ ಹೇಗಿದೆಯೆಂದರೆ, ಮೇಲ್ಗಡೆ ಒಂದು ಸಣ್ಣ ಪೆಟ್ಟಿಗೆ. ಅದನ್ನು ಒತ್ತಿದರೆ ಹೆಸರುಗಳು ಸಾಲಾಗಿ ಕೆಳಗಿಳಿಯುತ್ತವೆ. ನಿನ್ನ ಹೆಸರು ಆರಿಸಿದ ಕೂಡಲೇ ಕೆಳಗಿನ ನಕ್ಷೆಯ ಹಸಿರು ಕಂಬಗಳೆಲ್ಲ ಏರಿಳಿದು ನಿನ್ನವಾಗುತ್ತವೆ. ಪಕ್ಕದ ಪೆಟ್ಟಿಗೆಯಲ್ಲಿ ಮೊದಲರ್ಧ, ಎರಡನೆಯರ್ಧ. ಇನ್ನೊಂದರಲ್ಲಿ ಎದುರಾಳಿ ತಂಡ. ಕೊನೆಯದರಲ್ಲಿ ಹಿಂದಿನ ರೈಡ್ ಏನಾಗಿತ್ತು ಎಂಬುದು. ಏನು ಕೇಳಿದರೂ ಉತ್ತರ ಬರುತ್ತದೆ. ಮೊದಲ ಸಲ ಕಂಬಗಳು ಅಲುಗಾಡಿದಾಗ ನಿನ್ನ ಅಮ್ಮನನ್ನು ಕರೆದೆ. ಅವಳು ಕೈಯಲ್ಲಿ ತೆಂಗಿನಗರಿ ಹಿಡಿದುಕೊಂಡೇ ಬಂದು ನೋಡಿ, "ಆತು, ಇನ್ನು ಊಟಕ್ಕೆ ಬರ್ತ್ರಾ?" ಎಂದಳು.

ಒಂದು ವಿಷಯ ಸಿಕ್ಕಿದೆ, ಅದನ್ನು ಹೇಳಲಿಕ್ಕೇ ಬರೆದದ್ದು. ನೀನು ಒಂದು ರೈಡಿನಲ್ಲಿ ಬರಿಗೈಯಲ್ಲಿ ಮರಳಿದರೆ, ಮುಂದಿನ ರೈಡಿನಲ್ಲಿ ಹತ್ತಕ್ಕೆ ಎಂಟು ಸಲ ನಿನ್ನ ಬಲಗಡೆಯ ಮೂಲೆಗೇ ಹೋಗುತ್ತೀ, ಎಡಗಾಲು ಚಾಚುತ್ತೀ. ಇಷ್ಟು ವರ್ಷ ಕಣ್ಣಾರೆ ನೋಡಿದರೂ ನನಗೆ ತಿಳಿದಿರಲಿಲ್ಲ. ಇದನ್ನು ಬಿಡಬೇಕು. ಪ್ರಿಂಟ್ ತೆಗೆದ ಹಾಳೆಯಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದೇನೆ, ನೋಡು.

ಎಣ್ಣೆ ಹಚ್ಚಿ ಸ್ನಾನ ಮಾಡು ಎಂದು ಅಮ್ಮ ಹೇಳಿದ್ದಾಳೆ.

ನಿನ್ನ ಅಪ್ಪ,
ನಾಗಭೂಷಣ ನಾಯ್ಕ


ಕುಮಟಾ
25–9–2003

ಅಪ್ಪನಿಗೆ ಚಂದನಾಳ ನಮಸ್ಕಾರ.

ಲಕೋಟೆ ಒಂದು ಮಡಿಕೆಯೂ ಇಲ್ಲದೆ ಬಂತು. ಕೋಣೆಯವರೆಲ್ಲ ಮುತ್ತಿಕೊಂಡು ನೋಡಿದರು. "ನಿನ್ನ ಅಪ್ಪ ಎಂತ ಮಾರಾಯ್ತಿ, ಬಸ್ಸಿನ ಟೈಮ್ ಬರೀತ್ರಾ, ನಿನ್ನ ಟೈಮ್ ಬರೀತ್ರಾ?" ಎಂದು ನಮ್ಮ ತಂಡದ ಗಾಯತ್ರಿ ಕೇಳಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅವಳೇ ಆಮೇಲೆ ಮೆಲ್ಲಗೆ ಬಂದು ತನ್ನದೂ ಇದೆಯಾ, ಒಂದು ಹಾಳೆ ತರಿಸಿಕೊಡು ಎಂದಳು.

ಬಲ ಮೂಲೆಯ ವಿಷಯ ನನಗೆ ಗೊತ್ತು ಅಪ್ಪ. ನಮ್ಮ ಸರ್ ಕೂಡ ಹೇಳುತ್ತಾರೆ. ಬರಿಗೈಯಲ್ಲಿ ವಾಪಸು ಬಂದಾಗ ಎದೆ ಡವಗುಟ್ಟುತ್ತಿರುತ್ತದೆ. ಮುಂದಿನ ಸಲ ಹೋಗುವಾಗ ಕಾಲಿಗೆ ಯಾವ ದಾರಿ ಅಭ್ಯಾಸವೋ ಅಲ್ಲಿಗೇ ಹೋಗುತ್ತದೆ. ಅಲ್ಲಿ ನನಗೆ ಧೈರ್ಯ. ಈಗ ದಿನಾ ಬೆಳಿಗ್ಗೆ ಎಡಗಡೆಗೆ ಮಾತ್ರ ಹೋಗುವ ಅಭ್ಯಾಸ ಮಾಡಿಸುತ್ತಿದ್ದಾರೆ. ಬಲಗಡೆಯ ಚಾಳಿ ತಪ್ಪುತ್ತದೆ, ಜನವರಿಯೊಳಗೆ. ಜನವರಿಯಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ. ಆ ತಂಡದಲ್ಲಿ ಆಡಿದವರನ್ನು ರೈಲ್ವೆಯವರು ಕರೆಯುತ್ತಾರಂತೆ, ಹೋದ ವರ್ಷ ಇಬ್ಬರಿಗೆ ಕೆಲಸವೇ ಆಯಿತು.

ಒಂದು ಮಾತು. ಆ ಹಾಳೆಗಳನ್ನು ಬೇರೆಯವರಿಗೆ ತೋರಿಸಬೇಡಿ. ಮನೆಯಲ್ಲೇ ಇರಲಿ. ನನಗೆ ಏನೋ ಒಂಥರಾ ಆಗುತ್ತದೆ, ಬಟ್ಟೆ ಬದಲಾಯಿಸುವಾಗ ಬಾಗಿಲು ಸರಿಯಾಗಿ ಹಾಕಿಲ್ಲ ಎಂದು ನೆನಪಾದ ಹಾಗೆ.

ಅಮ್ಮನಿಗೆ ಹೇಳಿ, ಎಣ್ಣೆ ಹಚ್ಚಿಕೊಂಡೆ.

ಚಂದನಾ


ಮುಟ್ಟಳ್ಳಿ
2–11–2003

ಚಂದನಾಳಿಗೆ ಆಶೀರ್ವಾದಗಳು.

ಗದ್ದೆ ಕೊಯ್ಲು ಮುಗಿಯಿತು. ಅಮ್ಮನ ಸೊಂಟನೋವು ಹಾಗೇ ಇದೆ. ಗಾಯತ್ರಿಯ ಹಾಳೆ ಇದರೊಳಗಿದೆ. ಅವಳು ಎರಡನೆಯರ್ಧದಲ್ಲಿ ಸುಸ್ತಾಗುತ್ತಾಳೆ ಎಂದು ಮೆಲ್ಲಗೆ ತಿಳಿಸು.

ಹೋದ ಭಾನುವಾರ ಒಬ್ಬರು ಮನೆಗೆ ಬಂದಿದ್ದರು. ಕಬಡ್ಡಿ ಬಲ್ಲವರು. ಎರಡು ಗಂಟೆ ಕಂಪ್ಯೂಟರಿನ ಮುಂದೆ ಕೂತಿದ್ದರು ಮಗಾ. ನಾನು ಹೇಳಿಕೊಡುವುದೇ ಬೇಡವಾಯಿತು, ತಾವೇ ಪೆಟ್ಟಿಗೆ ಒತ್ತಿ ಒತ್ತಿ ಒಂದೊಂದೇ ಹೆಸರು ಆರಿಸಿ ನೋಡಿದರು. ಇಂಥದ್ದನ್ನು ಬೆಂಗಳೂರಲ್ಲೂ ಯಾರೂ ಮಾಡಿರಲಿಕ್ಕಿಲ್ಲ ಎಂದರು. ಅಮ್ಮ ಕೊಟ್ಟ ಮುರುಗಲ ಪಾನಕ ಅವರ ಪಕ್ಕದಲ್ಲಿ ಹಾಗೇ ಉಳಿದುಹೋಗಿತ್ತು, ಕುಡಿಯಲು ಮರೆತಿದ್ದರು.

ಹನ್ನೊಂದು ವರ್ಷದಿಂದ ಬರೆಯುತ್ತಿದ್ದೇನೆ, ನೀನು ಆಡುವ ಮೊದಲು ನಮ್ಮೂರ ಗಂಡು ಹುಡುಗರ ಪಂದ್ಯಗಳನ್ನು ಬರೆಯುತ್ತಿದ್ದೆ. ಇಷ್ಟು ಹೊತ್ತು ಯಾರೂ ನೋಡಿದ್ದಿಲ್ಲ.

ಡಿಸೆಂಬರಿನ ಹೊನ್ನಾವರ ಪಂದ್ಯಾವಳಿಗೆ ರಜೆ ಹಾಕಿದ್ದೇನೆ. ಖಂಡಿತ ಬರುತ್ತೇನೆ.

ಅಪ್ಪ


ಕುಮಟಾ
20–11–2003

ಅಪ್ಪನಿಗೆ ನಮಸ್ಕಾರ.

ಮನೆಗೆ ಬಂದವರು ಯಾರು ಎಂದು ನೀವು ಬರೆಯಲೇ ಇಲ್ಲ. ಮುಜಮ್ಮಿಲಣ್ಣನ ಪರಿಚಯದವರಾ? ಪತ್ರಿಕೆಯವರಾ? ಪತ್ರಿಕೆಯವರಾದರೆ ನನ್ನ ಫೋಟೋ ಕೊಡಬೇಡಿ, ಹತ್ತನೇ ತರಗತಿಯದ್ದನ್ನೇ ಕೊಟ್ಟುಬಿಡುತ್ತೀರಿ.

ಅಭ್ಯಾಸ ಜೋರಾಗಿ ನಡೆದಿದೆ. ನಾಲ್ಕು ಸಲದಲ್ಲಿ ಮೂರು ಸಲ ಎಡಗಡೆಗೆ ಹೋಗುತ್ತಿದ್ದೇನೆ. ನಿಮ್ಮ ಕಂಬಗಳು ಇನ್ನು ಬದಲಾಗುತ್ತವೆ. ಆದರೆ ಪಂದ್ಯ ಅಂದರೆ ಬೇರೆ. ಜನ ಸುತ್ತ ನಿಂತಾಗ ಕಾಲು ಹಳೆಯದನ್ನೇ ನೆನಪು ಮಾಡಿಕೊಳ್ಳುತ್ತದೋ ಏನೋ ಎಂದು ಹೆದರಿಕೆ. ಹೊನ್ನಾವರಕ್ಕೆ ವಿಶ್ವವಿದ್ಯಾಲಯದ ಆಯ್ಕೆಗಾರರು ಬರುತ್ತಾರಂತೆ.

ನೀವು ಅಂಗಣದ ಎಡಬದಿಯಲ್ಲಿ ಕೂತುಕೊಳ್ಳಿ. ನಿಮ್ಮ ಕೊಡೆ ಕಂಡರೆ ನನಗೆ ಸಮಾಧಾನ.

ಚಂದನಾ


ಮುಟ್ಟಳ್ಳಿ
16–12–2003

ಚಂದನಾಳಿಗೆ ಆಶೀರ್ವಾದಗಳು.

ಆಸ್ಪತ್ರೆಯಿಂದ ನಿನ್ನನ್ನು ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೋದದ್ದು ಒಳ್ಳೆಯದಾಯಿತು. ಕುಮಟೆಯಲ್ಲಿ ಡಾಕ್ಟರ್ ಹತ್ತಿರ. ಇಲ್ಲಿ ನಮ್ಮ ಮನೆಗೆ ರಸ್ತೆಯಿಂದ ಗದ್ದೆಯ ಅಂಚಿನ ಹಾಳಿಯ ಮೇಲೆ ನಡೆದು ಬರಬೇಕು, ನಿನಗೆ ಆಗುವುದಿಲ್ಲ.

ಮೊಣಕಾಲಿನ ಊತ ಇಳಿದ ಮೇಲೆಯೇ ಸರಿಯಾಗಿ ತಿಳಿಯುವುದು ಎಂದರಲ್ಲ ಡಾಕ್ಟರು. ಮನಸ್ಸಿಗೆ ಹಚ್ಚಿಕೊಳ್ಳಬೇಡ. ಆಟದಲ್ಲಿ ಹೀಗೆಲ್ಲ ಆಗುತ್ತದೆ. ಹೊನ್ನಾವರ ತಂಡದ ಆ ದಿವ್ಯಶ್ರೀ ಬೇಕೆಂದು ಮಾಡಿದ್ದಲ್ಲ, ಹಿಡಿತ ಸರಿಯಾಗಿಯೇ ಇತ್ತು.

ಹೊನ್ನಾವರ ಪಂದ್ಯಾವಳಿಯ ಮೂರು ಪಂದ್ಯಗಳನ್ನೂ ತುಂಬಿಸಿದೆ, ಈಗ ಒಟ್ಟು ಅರವತ್ತೊಂದು. ಕೊನೆಯ ರೈಡನ್ನು ಔಟ್ ಎಂದು ಬರೆದಿದ್ದೇನೆ. ಬೇರೆ ಏನು ಬರೆಯಬೇಕೋ ತಿಳಿಯಲಿಲ್ಲ.

ಅಮ್ಮ ಶುಕ್ರವಾರ ಬರುತ್ತಾಳೆ. ನನಗೆ ರಜೆ ಸಿಗುವುದು ಕಷ್ಟ.

ಅಪ್ಪ


ಕುಮಟಾ
4–1–2004

ಅಪ್ಪನಿಗೆ ನಮಸ್ಕಾರ.

ಕಾಲನ್ನು ಎರಡು ದಿಂಬಿನ ಮೇಲೆ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಇದ್ದರೆ ಓದಿಕೊಳ್ಳಿ. ಮೊಣಕಾಲಿನ ಒಳಗಿನ ಲಿಗಮೆಂಟ್ ಪೂರ್ತಿ ಹರಿದಿದೆಯಂತೆ. ಮಂಗಳೂರಿನಲ್ಲಿ ಆಪರೇಷನ್ ಮಾಡಬೇಕು. ಮಾಡಿದರೆ ನಡೆಯಬಹುದು, ಮೆಟ್ಟಿಲು ಹತ್ತಬಹುದು. ಆಡುವ ವಿಷಯ ಕೇಳಿದೆ. ಡಾಕ್ಟರು ಚಿಕ್ಕಮ್ಮನ ಮುಖ ನೋಡಿದರು.

ನೀವು ಅಲ್ಲೇ ಇದ್ದಿರಿ, ಆದರೂ ನನ್ನ ಕಡೆಯಿಂದ ಹೇಗಿತ್ತು ಎಂದು ಹೇಳಬೇಕು ಅನಿಸುತ್ತಿದೆ. ನಾವು ಐದು ಪಾಯಿಂಟ್ ಮುಂದಿದ್ದೆವು. ನಾನೊಂದು ಸಲ ಬರಿಗೈಯಲ್ಲಿ ಬಂದೆ. ಮುಂದಿನ ಸಲ ಬಲ ಮೂಲೆಗೆ ಹೋಗಬಾರದು ಎಂದು ಹೇಳಿಕೊಂಡೇ ಗೆರೆ ದಾಟಿದೆ. ಎಡಗಡೆಗೆ ಎರಡು ಹೆಜ್ಜೆ ಹಾಕಿದ್ದೆ ಕೂಡ. ಅಷ್ಟರಲ್ಲಿ ಅವರ ಇಡೀ ಸಾಲು ಎಡಗಡೆಗೆ ಒತ್ತಿ ನಿಂತು ಬಲ ಮೂಲೆಯನ್ನು ಖಾಲಿ ಬಿಟ್ಟಿತು, ಬಾಗಿಲು ತೆರೆದ ಹಾಗೆ. ನನ್ನ ಕಾಲು ಅಲ್ಲಿಗೆ ಹೋಯಿತು. ಮೂಲೆಯ ಹಿಂದೆ ಒಬ್ಬಳೇ ಉಳಿದಿದ್ದ ದಿವ್ಯಶ್ರೀ ನನ್ನ ಮುಖ ನೋಡುತ್ತಿರಲಿಲ್ಲ. ಎಡಗಾಲು ಎಲ್ಲಿ ಬಂದು ಬೀಳುತ್ತದೋ ಆ ಜಾಗವನ್ನು ನೋಡುತ್ತ ಕಾಯುತ್ತಿದ್ದಳು. ನಾನು ಚಾಚುವ ಮೊದಲೇ ಅವಳು ಬಗ್ಗಿ ಆಗಿತ್ತು. ಮೇಲಿಂದ ಇನ್ನೊಬ್ಬಳು ಬಂದು ಬಿದ್ದಳು. ಒಳಗೆ ಹಸಿಕಟ್ಟಿಗೆ ಮುರಿದ ಹಾಗೆ ಸದ್ದು ಬಂತು, ಅದು ನನ್ನದು ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ದಿವ್ಯಶ್ರೀ ಆಸ್ಪತ್ರೆಗೆ ಬಂದಿದ್ದಳು, ನೀವು ಔಷಧಿ ತರಲು ಹೋದಾಗ. ಮೂಸಂಬಿ ತಂದಿದ್ದಳು. ಬಹಳ ಅತ್ತಳು. ನಾನೇ ಅವಳಿಗೆ ಸಮಾಧಾನ ಮಾಡಬೇಕಾಯಿತು. ಅವಳು ಒಂದೆರಡು ಮಾತು ಹೇಳಿದಳು.

ಅಪ್ಪ, ಅವರಿಗೆ ಗೊತ್ತಿತ್ತು. ಹೇಗೆ ಗೊತ್ತಿತ್ತು ಎಂದು ನಿಮಗೇನಾದರೂ ಅನಿಸುತ್ತದಾ? ಅನಿಸಿದ್ದು ಏನೇ ಇದ್ದರೂ ನನಗೆ ಬರೆಯಿರಿ. ನಾನು ಓದುತ್ತೇನೆ.

ಚಂದನಾ


ಮುಟ್ಟಳ್ಳಿ
18–1–2004

ಚಂದನಾಳಿಗೆ ಆಶೀರ್ವಾದಗಳು.

ಪತ್ರ ತಲುಪಿತು. ಆಪರೇಷನ್ ಬೇಗ ಆಗಲಿ. ರಜೆಗೆ ಅರ್ಜಿ ಕೊಟ್ಟಿದ್ದೇನೆ.

ಇಲ್ಲಿ ಈ ಸಲ ಚಳಿ ಸ್ವಲ್ಪ ಇದೆ. ತೆಂಗಿನ ಮರಕ್ಕೆ ನುಸಿ ಬಿದ್ದು ಕಾಯಿಗಳೆಲ್ಲ ಸಣ್ಣವಾಗಿವೆ. ಹಿತ್ತಲಿನ ಬಾವಿಯ ಕಟ್ಟೆ ಸರಿಮಾಡಿಸಿದೆ. ನೀನು ಬಂದಾಗ ನೀರು ಸೇದಲು ಬಗ್ಗಬೇಕಾಗುವುದಿಲ್ಲ, ಸ್ವಲ್ಪ ಎತ್ತರ ಮಾಡಿಸಿದ್ದೇನೆ.

ನೀನು ಕೇಳಿದ್ದಕ್ಕೆ ಏನು ಹೇಳಲಿ. ಕಬಡ್ಡಿ ಆಡುವವರು ಒಬ್ಬರನ್ನೊಬ್ಬರು ನೋಡಿಯೇ ಇರುತ್ತಾರೆ.

ಅಮ್ಮ ಹಾಲು ಕುಡಿಯಲು ಹೇಳಿದ್ದಾಳೆ.

ಅಪ್ಪ


ಕುಮಟಾ
22–2–2004

ಅಪ್ಪನಿಗೆ ನಮಸ್ಕಾರ.

ಮಂಗಳೂರಿನಿಂದ ಬಂದು ಹತ್ತು ದಿನವಾಯಿತು. ಕೋಲು ಹಿಡಿದು ಬಚ್ಚಲಿಗೆ ಹೋಗಿ ಬರುತ್ತೇನೆ. ಆಪರೇಷನ್ನಿನ ದಿನ ನೀವು ಬಾಗಿಲ ಹೊರಗೆ ನಿಂತಿದ್ದನ್ನು ನೋಡಿದೆ. ಒಳಗೆ ಯಾಕೆ ಬರಲಿಲ್ಲ?

ವಿಶ್ವವಿದ್ಯಾಲಯದ ತಂಡದ ಹೆಸರುಗಳು ಬಂದವು. ಗಾಯತ್ರಿ ಇದ್ದಾಳೆ. ದಿವ್ಯಶ್ರೀಯೂ ಇದ್ದಾಳೆ. ಗಾಯತ್ರಿ ಸಿಹಿ ತಂದು ಕೊಟ್ಟು, ನನ್ನೆದುರು ಸಂತೋಷ ಪಡುವುದೋ ಬೇಡವೋ ತಿಳಿಯದೆ ಹೊಸಿಲ ಮೇಲೆಯೇ ನಿಂತಿದ್ದಳು. ತಿಂದೆ. ಚೆನ್ನಾಗಿತ್ತು.

ನನಗೊಂದು ಹಾಳೆ ಕಳಿಸಿ. ಪೆಟ್ಟಿಗೆಯಲ್ಲಿ ನನ್ನ ಹೆಸರು ಆರಿಸಿ, ಎದುರಾಳಿ ಹೊನ್ನಾವರ ಎಂದು ಆರಿಸಿ, ಬರಿಗೈ ರೈಡ್ ಆದ ಮೇಲಿನ ರೈಡ್ ಎಂದು ಆರಿಸಿದರೆ ಬರುತ್ತದಲ್ಲ, ಅದು. ಅವರು ನೋಡಿದ್ದನ್ನು ನಾನೂ ನೋಡಬೇಕು.

ಚಂದನಾ


ಮುಟ್ಟಳ್ಳಿ
7–3–2004

ಮಗಳು ಚಂದನಾಳಿಗೆ,

ನಿನ್ನ ಪತ್ರ ಬಂದು ಹತ್ತು ದಿನ ಅಂಗಿಯ ಜೇಬಿನಲ್ಲೇ ಇತ್ತು. ಇವತ್ತು ಎಲ್ಲ ಬರೆಯುತ್ತೇನೆ.

ಅಕ್ಟೋಬರಿನಲ್ಲಿ ಬಂದವರು ಹೊನ್ನಾವರ ತಂಡದ ಮ್ಯಾನೇಜರ್ ಗಣಪ ಮಾಸ್ತರು. ಅಂಗಳಕ್ಕೆ ಕಾಲಿಟ್ಟಾಗಲೇ ಗುರುತು ಸಿಕ್ಕಿತ್ತು. ಯಾರೆಂದು ತಿಳಿಯದೆ ತೋರಿಸಿದೆ ಎಂದು ಹೇಳುವಂತಿಲ್ಲ. ನೀನು ಯಾರಿಗೂ ತೋರಿಸಬೇಡಿ ಎಂದು ಬರೆದ ಪತ್ರ ಅದೇ ಕಂಪ್ಯೂಟರಿನ ಮೇಜಿನ ಮೇಲಿತ್ತು.

ಬಸ್ ನಿಲ್ದಾಣದಲ್ಲಿ ಯಾರೋ ಅವರಿಗೆ ನನ್ನ ಹುಚ್ಚಿನ ಬಗ್ಗೆ ಹೇಳಿದ್ದರಂತೆ. "ನೀವು ಎಂತದೋ ಮಾಡಿದೀರಂತಲ್ಲ ನಾಯ್ಕರೆ, ಒಂದ್ಸಲ ನೋಡುವಾ ಅಂತ ಬಂದೆ" ಎಂದರು. ಕೂರಿಸಿದೆ. ಮೊದಲು ತಮ್ಮ ತಂಡದ ಹುಡುಗಿಯರನ್ನೇ ಒಬ್ಬೊಬ್ಬರಾಗಿ ಆರಿಸಿದರು. "ಅಯ್ಯ, ಇವಳು ಹೀಗೆ ಮಾಡ್ತಾಳೆ ಅಂತ ನಂಗೇ ಗೊತ್ತಿರ್ಲಿಲ್ಲ" ಎಂದು ತೊಡೆ ತಟ್ಟಿಕೊಂಡರು. ನನಗೆ ಎಷ್ಟು ಸಂತೋಷವಾಯಿತೆಂದರೆ ಹೇಳಲಾರೆ. ನಿನ್ನ ಅಮ್ಮನಿಗೆ ಇದು ಹುಚ್ಚು. ನಿನ್ನ ಸ್ನೇಹಿತೆಯರಿಗೆ ನಗೆ. ಡಿಪೋದಲ್ಲಿ ಎಲ್ಲರೂ ನನ್ನನ್ನು ಸ್ಕೋರ್ ನಾಯ್ಕ ಎನ್ನುತ್ತಾರೆ. ಈ ಮನುಷ್ಯ ಮಾತ್ರ ಒಂದೊಂದು ಕಂಬಕ್ಕೂ ಪ್ರಶ್ನೆ ಕೇಳುತ್ತಿದ್ದರು.

ನಿನ್ನ ಹೆಸರನ್ನು ಅವರು ಆರಿಸಲಿಲ್ಲ. ಸಂಕೋಚವಾಗಿರಬೇಕು. ನಾನು ಆರಿಸಿದೆ. "ಇವಳು ನನ್ನ ಮಗಳು" ಎಂದೆ. ನಿನ್ನ ಕಂಬಗಳು ಎಲ್ಲರಿಗಿಂತ ಎತ್ತರ ಏರುವುದನ್ನು ಅವರು ನೋಡಬೇಕಿತ್ತು, ಅಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ನೋಡಿದರು, ಹೊಗಳಿದರು. ಆಮೇಲೆ, "ಎಲ್ಲರಿಗೂ ಒಂದಲ್ಲ ಒಂದು ಕೊರತೆ ಇರ್ತದೆ, ಇವಳಿಗೆ ಎಂತದೂ ಇಲ್ವಾ?" ಎಂದು ಕೇಳಿದರು. ನಗುತ್ತಲೇ ಕೇಳಿದ್ದು. ನನ್ನ ಲೆಕ್ಕಕ್ಕೆ ಸಿಗದ್ದು ಏನೂ ಇಲ್ಲ ಎಂದು ತೋರಿಸುವ ಹಟ ನನಗೆ. ಕೊನೆಯ ಪೆಟ್ಟಿಗೆ ಒತ್ತಿ, ಬರಿಗೈ ರೈಡ್ ಆದ ಮೇಲಿನದ್ದನ್ನು ತೆರೆದೆ. ಅವರು ಕುರ್ಚಿಯನ್ನು ಸ್ವಲ್ಪ ಮುಂದೆ ಎಳೆದುಕೊಂಡರು. ಅದು ನನಗೆ ಕಂಡಿತು ಚಂದನಾ. ಕಂಡೂ ಮುಚ್ಚಲಿಲ್ಲ.

ಹೊರಡುವಾಗ ಅವರು ಏನೂ ಕೇಳಲಿಲ್ಲ. ನಾನೇ ಫ್ಲಾಪಿಗೆ ಹಾಕಿ ಕೊಟ್ಟೆ. "ನಿಮ್ಮಲ್ಲಿ ಕಂಪ್ಯೂಟರ್ ಇದ್ದರೆ ಹಾಕಿ ನೋಡಿ" ಎಂದೆ.

ಪಂದ್ಯದ ದಿನ ಅಂಗಣದ ಆಚೆ ಬದಿಯಲ್ಲಿ ಅವರ ಕೈಯಲ್ಲಿ ಹಾಳೆ ಕಂಡಿತು. ನಡುವೆ ಜನ ಇದ್ದರೂ ಹಸಿರು ಬಣ್ಣ ನನಗೆ ತಿಳಿಯಿತು. ಎರಡನೆಯರ್ಧ ಶುರುವಾಗಿರಲಿಲ್ಲ. ಎದ್ದು ಬಂದು ನಿನಗೆ ಹೇಳಬಹುದಿತ್ತು. ಐದು ನಿಮಿಷ ಇತ್ತು. ಹೇಳಿದರೆ ಹಾಳೆ ಅವರಿಗೆ ಹೇಗೆ ಹೋಯಿತು ಎಂದು ನೀನು ಕೇಳುತ್ತೀ. ಏನೂ ಆಗಲಿಕ್ಕಿಲ್ಲ ಎಂದುಕೊಂಡು ಕೂತಿದ್ದೆ.

ಮೊನ್ನೆ ಹೊನ್ನಾವರಕ್ಕೆ ಹೋಗಿ ಫ್ಲಾಪಿ ವಾಪಸು ಕೊಡಿ ಎಂದು ಕೇಳಿದೆ. ಗಣಪ ಮಾಸ್ತರು ನಿನ್ನ ಕಾಲಿನ ವಿಷಯ ವಿಚಾರಿಸಿದರು, ಕಣ್ಣಲ್ಲಿ ನೀರು ತಂದುಕೊಂಡರು. ಸುಳ್ಳು ಅನಿಸಲಿಲ್ಲ. "ಹಿಡೀಲಿಕ್ಕೆ ಹೇಳಿದ್ದು ಹೌದು ನಾಯ್ಕರೆ, ಮುರೀಲಿಕ್ಕೆ ಹೇಳಿದ್ದಲ್ಲ" ಎಂದರು. ಫ್ಲಾಪಿ ಕೊಟ್ಟರು. ಆದರೆ ಅದರ ಪ್ರತಿ ಆಗಲೇ ಮೂರು ನಾಲ್ಕು ತಂಡಗಳಿಗೆ ಹೋಗಿದೆ. "ನಿಮ್ಮ ಹೆಸರು ಹೇಳಿಯೇ ಕೊಟ್ಟದ್ದು" ಎಂದರು, ನನಗೆ ಸಮಾಧಾನವಾಗಲಿ ಎಂದು.

ನೀನು ಕೇಳಿದ ಹಾಳೆ ಇದರಲ್ಲಿ ಇಟ್ಟಿಲ್ಲ. ಕಂಪ್ಯೂಟರನ್ನು ಮುಜಮ್ಮಿಲನಿಗೆ ಮರಳಿಸಿದೆ. ಕ್ಷಮಿಸು ಎಂದು ಕೇಳಲಿಕ್ಕೂ ನನಗೆ ಬಾಯಿಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ.

ನಿನ್ನ ಅಪ್ಪ


ಕುಮಟಾ
30–3–2004

ಅಪ್ಪನಿಗೆ,

ನನಗೆ ಗೊತ್ತಿತ್ತು. ದಿವ್ಯಶ್ರೀ ಆಸ್ಪತ್ರೆಯಲ್ಲಿ ಹೇಳಿದ ಎರಡು ಮಾತು ಅದೇ. "ನಮ್ಮ ಮಾಸ್ತರ ಹತ್ರ ಒಂದು ಕಾಗದ ಇತ್ತು. ನೀ ಖಾಲಿ ಬಂದ್ರೆ ಮುಂದಿನ ಸಲ ನನ್ನ ಮೂಲೆಗೇ ಬರ್ತೆ, ಎಡಗಾಲೇ ಹಾಕ್ತೆ ಅಂತ ಹೇಳಿದ್ರು. ಹಸಿರು ಹಸಿರು ಗೆರೆ ಇತ್ತು, ಮೇಲೆ ನಿನ್ನ ಹೆಸರು ಇತ್ತು" ಎಂದಳು. ಆ ಹಾಳೆ ಎಲ್ಲಿಂದ ಬಂದದ್ದು ಎಂದು ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ.

ಆಮೇಲೆ ನೀವು ಔಷಧಿ ತೆಗೆದುಕೊಂಡು ಬಂದಿರಿ. ಸ್ಟೂಲಿನ ಮೇಲೆ ಕೂತಿರಿ. ಈಗ ಹೇಳುತ್ತಾರೆ ಎಂದುಕೊಂಡೆ. ನೀವು ನೋಟು ಪುಸ್ತಕ ತೆಗೆದು, "ಎರಡನೆಯರ್ಧದಲ್ಲಿ ಎಷ್ಟನೇ ನಿಮಿಷ ಅದು? ಗಲಾಟೆಯಲ್ಲಿ ನನಗೆ ಬರೆಯಲು ಆಗಲಿಲ್ಲ" ಎಂದು ಕೇಳಿದಿರಿ. ನಾನು ಹನ್ನೊಂದು ಎಂದೆ. ನೀವು ಬರೆದುಕೊಂಡಿರಿ.

ಆ ಪುಸ್ತಕ ಬಿಟ್ಟರೆ ನಿಮಗೆ ಕೈ ಎಲ್ಲಿಡಬೇಕು ಎಂದು ತಿಳಿಯುವುದಿಲ್ಲ ಎಂದು ನನಗೆ ಗೊತ್ತು. ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ. ಹಾಗಂತ ಎಷ್ಟೋ ಸಲ ಹೇಳಿಕೊಂಡೆ. ಜನವರಿಯಲ್ಲಿ ನಿಮಗೆ ದಾರಿ ಮಾಡಿಕೊಟ್ಟು ಬರೆದೆ. ನೀವು ಬಾವಿಕಟ್ಟೆಯ ವಿಷಯ ಬರೆದಿರಿ. ಮೂರು ತಿಂಗಳು ದಿನಾ ಗೇಟಿನ ಸದ್ದಿಗೆ ಕಿವಿ ಕೊಟ್ಟು ಮಲಗಿದ್ದೆ. ತೋರಿಸಿದ್ದಕ್ಕೆ ಸಿಟ್ಟು ಬಂದಿತ್ತು, ಅದು ಇಳಿಯಿತು. ಮೊದಲ ಸಲ ಆ ಹಾಳೆ ನೋಡಿದಾಗ ನನಗೇ ಹೆಮ್ಮೆ ಆಗಿರಲಿಲ್ಲವಾ, ನಿಮಗೆ ಆದದ್ದು ತಪ್ಪಲ್ಲ. ಐದು ನಿಮಿಷ ಇತ್ತು ಎಂದು ಬರೆದಿದ್ದೀರಲ್ಲ, ಅದು ಮಾತ್ರ ನನಗೆ ಗೊತ್ತಿರಲಿಲ್ಲ.

ನಿಮ್ಮ ಕೊಡೆ ಎಲ್ಲಿದೆ ಎಂದು ನಾನು ಆ ಐದು ನಿಮಿಷದಲ್ಲಿ ಹುಡುಕಿದ್ದೆ. ಸಿಕ್ಕಿತು. ಅದಕ್ಕೇ ನೀರು ಕುಡಿದು ನಗುತ್ತ ಒಳಗೆ ಹೋದೆ.

ಕಾಲೇಜಿನ ಪರೀಕ್ಷೆ ಬರೆಯುತ್ತೇನೆ. ಆಮೇಲೆ ಇಲ್ಲೇ ಏನಾದರೂ ಕೆಲಸ ನೋಡಿಕೊಳ್ಳುತ್ತೇನೆ. ಮೊನ್ನೆ ಅಂಗಣದ ಕಡೆ ಹೋಗಿದ್ದೆ. ಸುಣ್ಣದ ಗೆರೆಯವರೆಗೆ ಹೋಗಿ ನಿಂತೆ. ದಾಟಲು ಆಗಲಿಲ್ಲ, ಸುಮ್ಮನೆ ನಡೆದುಕೊಂಡು ದಾಟಲು ಕೂಡ.

ಅಮ್ಮನಿಗೆ ನೀವೇ ಹೇಳಿ. ಅವಳು ಬರಲಿ. ನೀವು ಬರಬೇಡಿ. ಬರಬಹುದು ಎಂದು ನನಗೆ ಅನಿಸಿದರೆ ನಾನೇ ಬರೆಯುತ್ತೇನೆ.

ಚಂದನಾ


ಮುಟ್ಟಳ್ಳಿ
11–11–2004

ಚಂದನಾಳಿಗೆ ಆಶೀರ್ವಾದಗಳು.

ಏಳು ತಿಂಗಳಿನಿಂದ ಬರೆಯದೇ ಇದ್ದೆ. ನೀನು ಬರೆಯುತ್ತೇನೆ ಎಂದಿದ್ದೆ, ಅದಕ್ಕೆ ಕಾದೆ. ಅಮ್ಮ ನಿನ್ನಲ್ಲಿಗೆ ಬಂದು ಹೋದಾಗಲೆಲ್ಲ ಏನು ಹೇಳಿದಳು ಎಂದು ಕೇಳುತ್ತೇನೆ. ಅವಳು ಹೆಚ್ಚು ಹೇಳುವುದಿಲ್ಲ. ಎಲ್ಲ ತಿಳಿದ ಮೇಲೆ ನನ್ನೊಡನೆ ಅವಳ ಮಾತು ಊಟಕ್ಕೆ, ಸ್ನಾನಕ್ಕೆ ಎಷ್ಟು ಬೇಕೋ ಅಷ್ಟೇ.

ನಿನ್ನೆಯ ವಿಷಯ ಬರೆಯದೆ ಇರಲು ಆಗುತ್ತಿಲ್ಲ.

ಕುಮಟೆಯಿಂದ ಮಂಗಳೂರಿಗೆ ಹೋಗುವ ಗಾಡಿ ಒಂಬತ್ತು ನಲವತ್ತಕ್ಕೆ ನಮ್ಮ ನಿಲ್ದಾಣಕ್ಕೆ ಬಂತು. ಕಿಟಕಿಯ ಬದಿ ನೀನು ಕೂತಿದ್ದೆ, ಪಕ್ಕದಲ್ಲಿ ಚಿಕ್ಕಮ್ಮ. ಕಾಲು ತೋರಿಸಲು ಹೊರಟಿರಬೇಕು. ಕೂದಲು ಸಣ್ಣದಾಗಿ ಕತ್ತರಿಸಿಕೊಂಡಿದ್ದೀ. ನೀನೂ ನನ್ನನ್ನು ನೋಡಿದೆ. ಕಂಟ್ರೋಲ್ ರೂಮಿನ ಕಿಟಕಿಗೂ ನಿನ್ನ ಕಿಟಕಿಗೂ ಹತ್ತು ಹೆಜ್ಜೆ ಕೂಡ ಇರಲಿಲ್ಲ. ಕಂಡಕ್ಟರ್ ಬಂದು ಚೀಟಿಗೆ ಸಹಿ ಕೇಳಿದ. ಹಾಕಿದೆ.

ಚಿಕ್ಕಮ್ಮ ಇಳಿದು ನನ್ನ ಹತ್ತಿರ ಬಂದಳು. "ಭಾವ, ಅವಳು ಇಳೂದಿಲ್ಲ ಅಂದ್ಲು. ನೀವು ಹತ್ತಿ ಮಾತಾಡ್ಸಿದ್ರೆ ಬೇಡ ಅನ್ನೂದಿಲ್ಲ ಅಂತ ಕಾಣ್ತದೆ" ಎಂದಳು. ನಾನು ಹೂಂ ಎಂದೆ. ಎದ್ದೆ ಕೂಡ. ಬಾಗಿಲವರೆಗೆ ಬಂದೆ. ಹತ್ತಿ ಬಂದು ಏನು ಹೇಳುವುದು ಎಂದು ಯೋಚಿಸಿದೆ. ಅಷ್ಟು ಜನರ ನಡುವೆ ಕಾಲು ಹೇಗಿದೆ ಎಂದು ಕೇಳುವುದಾ. ನಾನೇ ಬರೆಯುವವರೆಗೆ ಬರಬೇಡಿ ಎಂದು ನೀನು ಬರೆದದ್ದು ನೆನಪಾಯಿತು. ಆ ಮಾತಿಗೆ ಮರ್ಯಾದೆ ಕೊಟ್ಟೆ ಎಂದು ಹೇಳಿಕೊಳ್ಳಬಹುದು. ಹಾಗಲ್ಲ. ಅವತ್ತಿನ ಐದು ನಿಮಿಷ ಹೇಗೆ ಕೂತಿದ್ದೆನೋ ನಿನ್ನೆಯೂ ಹಾಗೇ ನಿಂತಿದ್ದೆ.

ಒಂಬತ್ತು ಐವತ್ತಕ್ಕೆ ಗಾಡಿ ಬಿಡಬೇಕಿತ್ತು. ಬಿಡಲಿಲ್ಲ. ಡ್ರೈವರ್ ಹಾರ್ನ್ ಮಾಡಿದ. "ಎಂತ ನಾಯ್ಕರೆ, ಮುಂದೆ ಎಂತಾದ್ರೂ ಆಗಿದ್ಯಾ?" ಎಂದು ಕಂಡಕ್ಟರ್ ಕೇಳಿದ. ತಡಿ ಎಂದೆ. ಜನ ಗೊಣಗಲು ಶುರುಮಾಡಿದರು, ಒಬ್ಬರಿಗೆ ಮಂಗಳೂರಿನಲ್ಲಿ ರೈಲು ಹಿಡಿಯುವುದಿತ್ತಂತೆ, ಬಂದು ನನ್ನನ್ನು ಬೈದರು. ನೀನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡದ್ದು ಕಂಡಿತು. ಏಳುತ್ತೀ ಎಂದುಕೊಂಡೆ. ಕಾಲನ್ನು ಸರಿಮಾಡಿ ಇಟ್ಟುಕೊಂಡು ಮತ್ತೆ ಹಾಗೇ ಕೂತೆ.

ಇನ್ನೂ ಹದಿನಾಲ್ಕು ನಿಮಿಷ ಗಾಡಿಯನ್ನು ನಿಲ್ಲಿಸಿಕೊಂಡಿದ್ದೆ. ನೀನು ಇಳಿಯಲಿಲ್ಲ. ನಾನೂ ಹತ್ತಲಿಲ್ಲ. ಆಮೇಲೆ ಸೀಟಿ ಊದಿ ಬಿಟ್ಟೆ.

ಅಪ್ಪ